ಎರಡೇ ಬೆರಳಿಗೆ ಬಿಚ್ಚಿಕೊಂಡ ಫಿಲ್ಟರ್

ಫಿಲ್ಟರ್ ಎರಡೇ ಬೆರಳಿಗೆ ತಿರುಗಿಬಿಟ್ಟಿತು.

ಕಾರಿನಡಿ ಮಲಗಿದ್ದ ವಿಮಾ ಕಂಪನಿಯ ಸರ್ವೇಯರ್ ಕೈ ಹಿಂದಕ್ಕೆ ತೆಗೆದಳು. ಬಿಚ್ಚಲು ಬೇಕಾದೀತೆಂದು ತಂದಿದ್ದ ಪಟ್ಟಿ ಪಾನಾ ಪಕ್ಕದಲ್ಲಿ ಹಾಗೇ ಬಿದ್ದಿತ್ತು. ಕಾರ್ಖಾನೆಯಲ್ಲಿ ಕೂರಿಸಿದ ಆಯಿಲ್ ಫಿಲ್ಟರ್ ಹನ್ನೆರಡು ಸಾವಿರ ಕಿಲೋಮೀಟರ್ ಕಾದು ಆರಿದ ಮೇಲೆ ಹೀಗೆ ಬಾಟಲಿ ಮುಚ್ಚಳದಂತೆ ಬರುವುದಿಲ್ಲ. ಹಲ್ಲು ಕಚ್ಚಿ ಎಳೆದರೂ ಅಲ್ಲಾಡುವುದಿಲ್ಲ.

"ಬಂತಾ ಮೇಡಂ?"

ಕೇಳಿದವಳು ಆ ಕಾರಿನ ಡ್ರೈವರನ ಹೆಂಡತಿ. ಜಖಂ ಗಾಡಿಗಳ ಆ ಅಂಗಳದಲ್ಲಿ ಬೆಳಿಗ್ಗೆಯಿಂದ ನಿಂತೇ ಇದ್ದಳು. ಕೈಯಲ್ಲೊಂದು ಬಟ್ಟೆ ಚೀಲ, ಅದರಲ್ಲಿ ಗಂಡನಿಗೆಂದು ಇಸ್ತ್ರಿ ಮಾಡಿ ತಂದ ಅಂಗಿ. ಮೂರು ಗಂಟೆಗೆ ಅವನನ್ನು ನ್ಯಾಯಾಲಯಕ್ಕೆ ಕರೆತರುತ್ತಾರೆ.

"ಬಂತು."

"ಅಷ್ಟು ಬೇಗನಾ?"

ಸರ್ವೇಯರ್ ಫಿಲ್ಟರ್ ಹಿಡಿದು ಕಾರಿನಡಿಯಿಂದ ಹೊರಬಂದಳು. ಹನ್ನೊಂದು ದಿನದ ಹಿಂದೆ ಈ ಹೊಸ ಕಾರು ಎಂಜಿನ್ ಜಾಮ್ ಆಗಿ ಸೇತುವೆಯ ನಡುವೆ ನಿಂತಿತು, ಹಿಂದಿನಿಂದ ಗುದ್ದಿದ ಲಾರಿ ಅದನ್ನು ಸೇತುವೆಯ ಕಟ್ಟೆಗೆ ತಳ್ಳಿತು, ಹಿಂದಿನ ಸೀಟಿನಲ್ಲಿದ್ದ ಸಾಬೂನು ಕಾರ್ಖಾನೆಯ ಯಜಮಾನಿ ಉಳಿಯಲಿಲ್ಲ. 'ಆಯಿಲ್ಲೂ ಫಿಲ್ಟರೂ ಒಮ್ಮೆಯೂ ಬದಲಾಗಿಲ್ಲ, ಡ್ರೈವರನ ನಿರ್ಲಕ್ಷ್ಯವೇ ಕಾರಣ' ಎಂದು ವಿಮಾ ಕಂಪನಿಯ ಪರವಾಗಿ ಬರೆದುಕೊಟ್ಟವಳು ಈ ಸರ್ವೇಯರೇ. ಆ ಒಂದು ಹಾಳೆಯ ಮೇಲೆ ಡ್ರೈವರ್ ಲಾಕಪ್ಪಿನಲ್ಲಿದ್ದ.

ನಿನ್ನೆ ಸಂಜೆ ಅವನ ಹೆಂಡತಿ ಆಫೀಸಿಗೆ ಬಂದು ಅಳಲೂ ಇಲ್ಲ, ಬೇಡಿಕೊಳ್ಳಲೂ ಇಲ್ಲ. "ಫಿಲ್ಟರ್ ಬಿಚ್ಚಿ ನೋಡಿದ್ರಾ ಮೇಡಂ, ಹೊರಗಿಂದ ನೋಡಿದ್ರಾ?" ಎಂದು ಒಂದೇ ಮಾತು ಕೇಳಿದ್ದಳು. ಸರ್ವೇಯರ್ ಬಿಚ್ಚಿ ನೋಡಿರಲಿಲ್ಲ. ಇಪ್ಪತ್ತು ವರ್ಷ ಕಾರುಗಳ ಹೊಟ್ಟೆಯಡಿ ತೆವಳಿದವಳು ಈ ಸಲ ಟಾರ್ಚಿನ ಬೆಳಕು ಹಾಯಿಸಿ, ಬಗ್ಗಿ ನೋಡಿ, ಎದ್ದು ಬಂದಿದ್ದಳು. ರಾತ್ರಿಯೆಲ್ಲ ಆ ಮಾತು ಮುಳ್ಳಿನಂತೆ ಚುಚ್ಚಿತ್ತು.

ಈಗ ಅವಳು ಫಿಲ್ಟರಿನ ತಗಡು ಕತ್ತರಿಸಿದಳು. ಒಳಗಿನ ಕಾಗದದ ಮಡಿಕೆಗಳು ಕಪ್ಪಾಗಿ, ಸೆಟೆದು, ಅಂಟಂಟಾಗಿದ್ದವು. ಹನ್ನೆರಡು ಸಾವಿರ ಓಡಿದ ಫಿಲ್ಟರೇ, ಅನುಮಾನವಿಲ್ಲ. ಅಬ್ಬಾ, ಬರೆದದ್ದು ಸರಿಯಾಗಿದೆ ಎಂದು ಒಂದು ಗಳಿಗೆ ಎದೆ ಹಗುರಾಯಿತು. ಒಬ್ಬ ಮನುಷ್ಯ ಜೈಲಿಗೆ ಹೋಗುವುದು ಖಚಿತವಾದಾಗ ಎದೆ ಹಗುರಾಗಬಾರದಿತ್ತು, ಆದರೆ ಆಯಿತು.

ಆಮೇಲೆ ಡಬ್ಬಿಯ ತಳದಲ್ಲಿ ನಿಂತಿದ್ದ ಆಯಿಲ್ಲನ್ನು ಒಂದು ಹನಿ ಬಿಳಿ ಕಾಗದದ ಮೇಲೆ ಬಿಟ್ಟಳು.

ಹಳಸಿದ ಆಯಿಲ್ಲಾದರೆ ನಡುವೆ ಕಾಡಿಗೆಯಂಥ ಚುಕ್ಕೆ ಬಿಟ್ಟು ಅಲ್ಲೇ ಕೂರುತ್ತದೆ. ಈ ಹನಿ ಸಲೀಸಾಗಿ ಹರಡಿತು. ನಡುವೆ ತಿಳಿ ಕಂದು, ಅಂಚಿನಲ್ಲಿ ಇನ್ನೂ ತಿಳಿ. ಹೆಚ್ಚೆಂದರೆ ಎರಡೂವರೆ ಸಾವಿರ ಕಿಲೋಮೀಟರ್ ಓಡಿದ ಆಯಿಲ್.

ಮುಂದಿನ ಗಾಜಿನ ಮೂಲೆಯಲ್ಲಿ ಡ್ರೈವರ್ ತಾನೇ ಪೆನ್ನಿನಲ್ಲಿ ಬರೆದು ಅಂಟಿಸಿದ್ದ ಚೀಟಿ ಹಾಗೇ ಇತ್ತು: '9,980ಕ್ಕೆ ಆಯಿಲ್ ಬದಲಾಯಿಸಿದೆ.' ಮೀಟರಿನಲ್ಲಿ 12,412. ಆ ಚೀಟಿಯನ್ನು ಅವಳು ವರದಿಯಲ್ಲಿ 'ಆರೋಪಿಯ ಸ್ವಂತ ಸೃಷ್ಟಿ' ಎಂದು ಕರೆದಿದ್ದಳು. ಬರೆಯುವಾಗ ಆ ಪದ ಚೆನ್ನಾಗಿದೆ ಎಂದೂ ಅನಿಸಿತ್ತು.

ಅವಳು ಮತ್ತೆ ಕಾರಿನಡಿ ತೂರಿದಳು. ಆಯಿಲ್ ಇಳಿಸುವ ಬೋಲ್ಟಿನ ಕೆಳಗೆ ತಾಮ್ರದ ವಾಷರ್ ಹೊಳೆಯಿತು. ಒಂದೇ ಒಂದು ಸಲ ಬಿಗಿಯಾದ, ಹೊಸ ವಾಷರ್. ಒಂದೇ ವಾಷರನ್ನು ಸವೆಯುವ ತನಕ ಓಡಿಸುವ ಗ್ಯಾರೇಜುಗಳ ನಡುವೆ, ಪ್ರತಿ ಸಲವೂ ಹೊಸತು ಹಾಕುವ ಮೊಂಡು ಮನುಷ್ಯ ಈ ಊರಿನಲ್ಲಿ ಒಬ್ಬನೇ. ಜನ ಅವನನ್ನು ಆಯಿಲ್ ಮೇಷ್ಟ್ರು ಎನ್ನುತ್ತಾರೆ. ಅವಳು ಅಪ್ಪ ಎನ್ನುತ್ತಾಳೆ.

ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ದಿನವೇ ಡ್ರೈವರ್ ಹೇಳಿದ್ದ. "ಆಯಿಲ್ ಮೇಷ್ಟ್ರ ಹತ್ರಾನೇ ಮಾಡಿಸಿದ್ದು, ಬೇಕಾದ್ರೆ ಕೇಳಿ."

ಕೇಳಬೇಕಿತ್ತು. ಇಲ್ಲವೆ, ಇದು ನನ್ನ ತಂದೆಯ ಗ್ಯಾರೇಜು, ನಾನು ಈ ಪ್ರಕರಣ ನೋಡುವಂತಿಲ್ಲ ಎಂದು ಫೈಲ್ ವಾಪಸ್ ಕೊಡಬೇಕಿತ್ತು. ನಿಯಮವೂ ಅದೇ. ಆದರೆ ಅಷ್ಟು ದೊಡ್ಡ ಪ್ರಕರಣ ಕೈಗೆ ಸಿಕ್ಕಿತ್ತು, ಬಿಡಲು ಮನಸ್ಸಾಗಲಿಲ್ಲ. ಅಪ್ಪನ ಗ್ಯಾರೇಜಿನಲ್ಲಿ ಪ್ರತಿ ಹೊಸ ಫಿಲ್ಟರಿನ ಮೇಲೂ ಬಿಳಿ ಶಾಯಿಯಲ್ಲಿ ತಾರೀಖು, ಕಿಲೋಮೀಟರ್ ಇರುತ್ತದೆ. ಈ ಫಿಲ್ಟರಿನ ಮೇಲೆ ಇಲ್ಲ. ಹಾಗಾದರೆ ಈ ಕಾರು ಅಲ್ಲಿಗೆ ಹೋಗಿಲ್ಲ. ಇನ್ನೇನು ಕೇಳುವುದು ಎಂದುಕೊಂಡಿದ್ದಳು.

ಅವಳು ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಆರು ಜನರೆದುರು ಡ್ರೈವರನ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು: "ಆಯಿಲ್ ಹಾಕಿ ಫಿಲ್ಟರ್ ಬಿಡೋ ಪದ್ಧತಿ ಆ ಗ್ಯಾರೇಜಲ್ಲಿ ಹುಟ್ಟಿದಾಗಿನಿಂದ ಇಲ್ಲ. ಸುಳ್ಳು ಹೇಳೋದಾದ್ರೆ ಸ್ವಲ್ಪ ಯೋಚನೆ ಮಾಡಿ ಹೇಳು." ಯಜಮಾನಿಯ ಅಳಿಯ ಪಕ್ಕದಲ್ಲಿ ನಿಂತು ತಲೆದೂಗಿದ್ದ. ಡ್ರೈವರ್ ನೆಲ ನೋಡಿದ್ದ. ಅದು ತಪ್ಪಿತಸ್ಥನ ಮುಖ ಎಂದೇ ಅವಳು ತಿಳಿದಿದ್ದಳು.

"ನಮ್ಮೆಜಮಾನ್ರು ಸುಳ್ಳು ಹೇಳಿದ್ರಾ ಮೇಡಂ?" ಡ್ರೈವರನ ಹೆಂಡತಿ ಕೇಳಿದಳು.

"ಇಲ್ಲ."

"ಮತ್ತೆ ನೀವು ಬರೆದಿದ್ದು?"

"ತಪ್ಪಾಗಿದೆ."

"ತಪ್ಪಾಗಿದ್ದಾ, ತಪ್ಪು ಮಾಡಿದ್ದಾ?"

ಸರ್ವೇಯರ್ ಕೈ ಒರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದಳು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಬನ್ನಿ," ಎಂದಳು. "ನ್ಯಾಯಾಲಯದ ತನಕ ಬಿಡ್ತೀನಿ. ದಾರೀಲಿ ಒಂದು ಕಡೆ ಐದು ನಿಮಿಷ ಕೆಲಸ ಇದೆ."

ತನ್ನ ಕಾರು ಹತ್ತುವ ಮೊದಲು, ಪೊಲೀಸರು ಸೇತುವೆಯ ಮೇಲೆ ತೆಗೆದ ಚಿತ್ರಗಳನ್ನು ಫೋನಿನಲ್ಲಿ ಇನ್ನೊಮ್ಮೆ ನೋಡಿದಳು. ಲಾರಿ ಗುದ್ದಿದಾಗ ಆಯಿಲ್ ಚೇಂಬರ್ ಒಡೆದಿತ್ತು, ಎಂಜಿನ್ನಿನಲ್ಲಿ ಆಯಿಲ್ ಇಲ್ಲದಿರುವುದಕ್ಕೆ ಅದೇ ಕಾರಣ ಎಂದುಕೊಂಡಿದ್ದಳು. ಚಿತ್ರದಲ್ಲಿ ಗಾಜಿನ ಚೂರಿತ್ತು, ರೇಡಿಯೇಟರಿನ ಹಸಿರು ನೀರಿತ್ತು. ಒಡೆದ ಚೇಂಬರಿನ ಕೆಳಗೆ ಡಾಂಬರು ಒಣಗಿತ್ತು. ಚೆಲ್ಲಲು ಒಳಗೆ ಆಯಿಲ್ಲೇ ಇರಲಿಲ್ಲ. ಅದು ಗುದ್ದುವ ಮೊದಲೇ, ದಾರಿಯುದ್ದಕ್ಕೂ ಎಲ್ಲೋ ಸೋರಿಹೋಗಿತ್ತು.

"ಆಯಿಲ್ ದೀಪ ಹತ್ತಿತು, ಬದಿಗೆ ನಿಲ್ಲಿಸೋಣ ಅಂತ ನೋಡೋ ಅಷ್ಟರಲ್ಲಿ ನಿಂತೇಹೋಯ್ತು," ಎಂದು ಡ್ರೈವರ್ ಹೇಳಿದ್ದು ಅವಳಿಗೆ ನೆನಪಾಯಿತು. ಅದನ್ನೂ ಅವಳು ನಂಬಿರಲಿಲ್ಲ.

ಗ್ಯಾರೇಜು ತಲುಪಿದಾಗ ಒಂದು ಗಂಟೆ. ಡ್ರೈವರನ ಹೆಂಡತಿಯನ್ನು ಕಾರಿನಲ್ಲೇ ಕೂರಲು ಹೇಳಿ ಅವಳೊಬ್ಬಳೇ ಒಳಗೆ ಹೋದಳು. ಅಪ್ಪ ಬೆಂಚಿನ ಮೇಲೆ ಕೂತು ಕಾಲು ಚಾಚಿದ್ದರು. ಒಬ್ಬರದೇ ಗ್ಯಾರೇಜು, ಒಬ್ಬರದೇ ದುಡಿಮೆ. ಸಹಾಯಕ್ಕೆ ಬಂದವರೆಲ್ಲ ಅವರ ಪಾಠ ತಡೆಯಲಾರದೆ ಓಡಿಹೋಗಿದ್ದರು.

ಆ ಪಾಠ ಅವಳಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಹೊಸ ಗಾಡಿಗೆ ಸಾವಿರ ಕಿಲೋಮೀಟರಿಗೆ ಬರೀ ನೋಡುವುದು. ಆಯಿಲ್ಲು, ಆಯಿಲ್ ಫಿಲ್ಟರು ಹತ್ತು ಸಾವಿರಕ್ಕೆ ಇಲ್ಲವೇ ಒಂದು ವರ್ಷಕ್ಕೆ, ಯಾವುದು ಮೊದಲು ಬರುತ್ತದೋ ಅದಕ್ಕೆ. ಗಾಡಿಯ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತು. ಧೂಳಿನ ರಸ್ತೆಯಾದರೆ ಇನ್ನೂ ಬೇಗ. "ಓಡದೆ ನಿಂತ ಗಾಡಿಯ ಆಯಿಲ್ಲೂ ಮುದಿಯಾಗುತ್ತೆ ಕಣ್ರೀ," ಎಂದು ಬಂದವರಿಗೆಲ್ಲ ಕೊರೆಯುತ್ತಿದ್ದರು. ಆಯಿಲ್ ಬದಲಾಯಿಸಿ ಫಿಲ್ಟರ್ ಬಿಡುವವರನ್ನು ಸ್ನಾನ ಮಾಡಿ ಅದೇ ಕೊಳೆ ಅಂಗಿ ತೊಡುವವರು ಎಂದು ಬೈಯುತ್ತಿದ್ದರು.

"ಏನೇ, ಈ ಹೊತ್ತಲ್ಲಿ? ಊಟ ಆಯ್ತಾ?"

"ಅಪ್ಪ, ಒಂದು ಬೂದು ಬಣ್ಣದ ಹೊಸ ಕಾರು ಬಂದಿತ್ತಾ? ಸಾಬೂನು ಕಾರ್ಖಾನೆಯೋರದು."

"ಬಂದಿತ್ತು. ಎರಡು ತಿಂಗಳಾಯ್ತೇನೋ. ಆಯಿಲ್ ಹಾಕಿ ಕಳಿಸ್ದೆ."

"ಫಿಲ್ಟರು?"

"ಆಯಿಲ್ ಹಾಕಿ ಫಿಲ್ಟರ್ ಬಿಡ್ತೀನೇನೇ ನಾನು?"

ಹಾಗೆಂದು ಅವರು ಶುಭ್ರವಾಗಿಯೇ ಇದ್ದ ಪಾನಾವನ್ನು ಬಟ್ಟೆಯಲ್ಲಿ ಒರೆಸತೊಡಗಿದರು. ಅವಳು ಕತ್ತರಿಸಿದ ಫಿಲ್ಟರನ್ನು ಬೆಂಚಿನ ಮೇಲಿಟ್ಟಳು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ನೋಡಿದರು, ಅಷ್ಟೇ. ಒರೆಸುತ್ತಿದ್ದ ಕೈ ನಿಂತಿತು.

"ಅಪ್ಪ, ಇದರ ಮೇಲೆ ಒಬ್ಬರ ಜೀವನ ನಿಂತಿದೆ."

"ಯಾರದು?"

"ಆ ಡ್ರೈವರದು. ಆ ಕಾರೇ ಸೇತುವೆ ಮೇಲೆ ನಿಂತಿದ್ದು. ಪತ್ರಿಕೇಲಿ ಓದಿರ್ತೀಯ."

ಓದಿದ್ದರು. ಯಾವ ಕಾರೆಂದು ತಿಳಿದಿರಲಿಲ್ಲ. ಅವರ ಮುಖದಿಂದ ಬಣ್ಣ ಇಳಿದುಹೋದದ್ದನ್ನು ಅವಳು ನೋಡಿದಳು. ಅವರು ಗದ್ದ ಎತ್ತಿ ಮೂಲೆಯ ಕಬ್ಬಿಣದ ಬೀರು ತೋರಿಸಿದರು.

"ತೆಗಿ ಅದನ್ನ."

ಬೀರುವಿನ ತುಂಬ ಹೊಸ ಆಯಿಲ್ ಫಿಲ್ಟರುಗಳಿದ್ದವು. ಪೆಟ್ಟಿಗೆಯಿಂದ ಹೊರಗೆ ತೆಗೆದು ಸಾಲಾಗಿ ಜೋಡಿಸಿದವು. ಒಂದೊಂದರ ಮೇಲೂ ಬಿಳಿ ಶಾಯಿಯಲ್ಲಿ, ಅಪ್ಪನ ಮುತ್ತಿನಂಥ, ಈಚೆಗೆ ತುಸು ಓರೆಯಾದ ಅಕ್ಷರದಲ್ಲಿ, ತಾರೀಖು ಮತ್ತು ಕಿಲೋಮೀಟರ್. ಹಾಕಿದ ಮೇಲೆ ಜಿಡ್ಡಿನ ಕೈಯಲ್ಲಿ ಬರೆಯಲಾಗುವುದಿಲ್ಲವೆಂದು ಹಾಕುವ ಮೊದಲೇ ಬರೆದಿಡುವುದು ಇಲ್ಲಿನ ಪದ್ಧತಿ. ಮೂವತ್ತೊಂದು ಫಿಲ್ಟರುಗಳು. ಯಾವುದೂ ಯಾವ ಕಾರನ್ನೂ ಕಂಡಿರಲಿಲ್ಲ. ಎರಡನೇ ಸಾಲಿನ ಕೊನೆಯದರ ಮೇಲೆ 9,980 ಎಂದಿತ್ತು.

"ಹಾಕ್ತೀನಿ ಅಂತಾನೇ ಬರೀತಿದ್ದೆ," ಎಂದರು ಅಪ್ಪ. "ಪ್ರತಿ ಸಲಾನೂ."

"ಎಷ್ಟು ದಿನದಿಂದ?"

"ಒಂದು ವರ್ಷ ಆಗ್ತಾ ಬಂತು." ಅವರು ಬಲಗೈ ಮುಂದೆ ಚಾಚಿ ಮುಷ್ಟಿ ಕಟ್ಟಲು ನೋಡಿದರು. ನಾಲ್ಕು ಬೆರಳು ಮಡಚಿದವು, ಹೆಬ್ಬೆಟ್ಟು ಸೊಟ್ಟಗೆ ನಿಂತು ನಡುಗಿತು. "ಬೋಲ್ಟಿಗೆ ಪಾನಾ ಹಾಕಿ ಮೈಭಾರ ಬಿಟ್ರೆ ಬರುತ್ತೆ. ಫಿಲ್ಟರಿಗೆ ಹಿಡಿತ ಬೇಕು. ಹೊಸ ಗಾಡೀಲೋ, ಅದನ್ನ ಇಲಿ ಬಿಲದಂಥ ಜಾಗದಲ್ಲಿ ಇಟ್ಟಿರ್ತಾರೆ."

"ಪಟ್ಟಿ ಪಾನಾ ಇತ್ತಲ್ಲ."

"ಅದನ್ನ ಹಿಡಿಯೋಕೂ ಕೈನೇ ಬೇಕಲ್ಲ ಮಗಳೇ."

ಹೋದ ತಿಂಗಳು ಅವಳ ಮನೆಯಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆಯಲಾರದೆ ಅವರು ಅದನ್ನು ಸುಮ್ಮನೆ ಅವಳತ್ತ ಸರಿಸಿದ್ದರು. ಅವಳು ಫೋನ್ ನೋಡುತ್ತಲೇ ತೆಗೆದುಕೊಟ್ಟಿದ್ದಳು. ಊರಿನವರ ಗಾಡಿಗಳ ದೋಷವನ್ನೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕುವವಳಿಗೆ ಅಪ್ಪನ ಕೈ ಕಂಡಿರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಆಯಿಲ್ ಮೇಷ್ಟ್ರಿಗೆ ಆಯಿಲ್ ಫಿಲ್ಟರ್ ಬಿಚ್ಚೋಕೆ ಬರಲ್ಲ ಅಂತಲಾ? ನೀನು ಹೋದ ಕಡೆಯೆಲ್ಲ ನಮ್ಮಪ್ಪ, ನಮ್ಮಪ್ಪ ಅಂತ ಹೇಳ್ಕೊಂಡು ತಿರುಗ್ತೀಯ. ನಾಚಿಕೆ ಆಯ್ತು."

ಅವಳು ಫಿಲ್ಟರನ್ನು ಕೈಗೆತ್ತಿಕೊಂಡಳು. ಮುಂದಿನ ಪ್ರಶ್ನೆ ಕೇಳಲು ಅವಳಿಗೆ ಇಷ್ಟವಿರಲಿಲ್ಲ. ಹಳೆಯ ಫಿಲ್ಟರ್ ಎಂಜಿನ್ನನ್ನು ಎರಡೂವರೆ ಸಾವಿರ ಕಿಲೋಮೀಟರಿನಲ್ಲಿ ಕೊಲ್ಲುವುದಿಲ್ಲ. ಅದು ಕಟ್ಟಿಕೊಂಡರೂ ಆಯಿಲ್ ಸೋಸದೆ ಹಾಗೇ ಹರಿಯುತ್ತದೆ, ಎಂಜಿನ್ ನಿಧಾನವಾಗಿ ಸವೆಯುತ್ತದೆ, ಅಷ್ಟೇ. ಆದರೆ ಸಡಿಲವಾದ ಫಿಲ್ಟರ್ ಬೇರೆ ಮಾತು. ಅದು ಓಡುತ್ತ ಓಡುತ್ತ ಇನ್ನೂ ಸಡಿಲವಾಗಿ ಆಯಿಲ್ಲನ್ನೆಲ್ಲ ರಸ್ತೆಗೆ ಸುರಿದುಬಿಡುತ್ತದೆ.

"ಈ ಕಾರಿಂದು ಮುಟ್ಟಲೇ ಇಲ್ವಾ ಅಪ್ಪ?"

"ಮುಟ್ಟಿದೆ. ಪಟ್ಟಿ ಹಾಕ್ದೆ. ಕಾಲು ಸುತ್ತು ಬಂತು. ಆಮೇಲೆ ಕೈ ಸೋತ್ಹೋಯ್ತು."

"ವಾಪಸ್ ಬಿಗಿ ಮಾಡಿದ್ಯಾ?"

ಅಪ್ಪ ಪಾನಾವನ್ನು ಬೆಂಚಿನ ಮೇಲಿಟ್ಟು ತಮ್ಮ ಕೈ ನೋಡಿಕೊಂಡರು.

"ಅಪ್ಪ, ಬಿಗಿ ಮಾಡಿದ್ಯಾ?"

"ನೆನಪಿಲ್ಲ ಕಣೇ. ಕೈ ತೊಳ್ಕೊಳ್ಳೋಕೆ ಎದ್ದು ಹೋದೆ. ಕಣ್ಣಲ್ಲಿ ನೀರು ಬಂದಿತ್ತು, ಆ ಡ್ರೈವರ್ ನೋಡಬಾರದು ಅಂತ." ಅವರು ಬೆಂಚಿನ ಅಂಚು ಹಿಡಿದುಕೊಂಡರು. "ಹಾಗಾದ್ರೆ ಆ ಹೆಂಗಸು ಹೋಗಿದ್ದು ನನ್ನಿಂದ."

"ಸುಮ್ನಿರು ಅಪ್ಪ."

"ಸುಮ್ನಿದ್ದೇ ಇಷ್ಟೆಲ್ಲ ಆಗಿದ್ದು."

ಬಾಗಿಲ ಪಕ್ಕದಲ್ಲಿ ಹಳೆಯ ಫಿಲ್ಟರುಗಳನ್ನು ಎಸೆಯುವ ಡ್ರಮ್ಮಿತ್ತು. ಕೈಯಲ್ಲಿದ್ದುದನ್ನು ಅದರೊಳಗೆ ಹಾಕಿದರೆ ನೂರರಲ್ಲಿ ಒಂದಾಗಿ ಹೋಗುತ್ತದೆ. ವರದಿ ಇದ್ದ ಹಾಗೇ ಇರುತ್ತದೆ, ಅಪ್ಪನ ಹೆಸರು ಎಲ್ಲೂ ಬರುವುದಿಲ್ಲ. ಆ ಯೋಚನೆ ಬಂದದ್ದು ಅರೆಗಳಿಗೆ. ಹೊರಗೆ ಕಾರಿನಲ್ಲಿ ಇಸ್ತ್ರಿ ಅಂಗಿ ಹಿಡಿದು ಕೂತವಳು ಕಣ್ಣಮುಂದೆ ಬಂದಳು. ಸರ್ವೇಯರಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ಚೀಲದಿಂದ ಹಾಳೆ ತೆಗೆದು ಬರೆಯಲು ಕೂತಳು. 'ನನ್ನ ಹಿಂದಿನ ವರದಿಯನ್ನು ವಾಪಸ್ ಪಡೆಯುತ್ತಿದ್ದೇನೆ. ಡ್ರೈವರ್ ಹೇಳಿದ್ದು ನಿಜ.' ಅಷ್ಟು ಬರೆದು ಪೆನ್ನು ನಿಂತಿತು.

"ನನ್ನ ಹೆಸರು ಬರಿ," ಎಂದರು ಅಪ್ಪ. "ಪೂರ್ತಿ ಬರಿ."

"ಬರೀಬೇಡಿ ಮೇಡಂ."

ಡ್ರೈವರನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಕಾರಲ್ಲಿ ಸೆಕೆ ಆಯ್ತು, ನೀರು ಕೇಳೋಣ ಅಂತ ಬಂದೆ," ಎಂದಳು. ಆಮೇಲೆ ಮುದುಕರ ಕಡೆ ತಿರುಗಿದಳು. "ಅಜ್ಜ, ನೀವು ಬಿಗಿ ಮಾಡ್ಲಿಲ್ಲ, ನಿಜ. ನಮ್ಮೆಜಮಾನ್ರು ಮಾಡಿದ್ರು."

"ಯಾರು?"

"ನೀವು ಕೈ ತೊಳೆಯೋಕೆ ಹೋದಾಗ ಅವರೇ ಕೆಳಗೆ ಮಲ್ಕೊಂಡು ಪಟ್ಟಿ ಹಾಕಿ ಬಿಗಿ ಮಾಡಿದ್ರಂತೆ. ಮನೆಗೆ ಬಂದು ಹೇಳಿದ್ರು, ಮೇಷ್ಟ್ರ ಕೈ ನಡುಗ್ತಿತ್ತು ಕಣೇ, ನೋಡೋಕಾಗ್ಲಿಲ್ಲ, ಫಿಲ್ಟರ್ ಇನ್ನೊಂದು ದಿನ ಬೇರೆ ಕಡೆ ಹಾಕಿಸ್ತೀನಿ ಅಂತ. ಯಾರಿಗೂ ಹೇಳ್ಬೇಡ ಅಂದ್ರು. ಅದಕ್ಕೇ ಚೀಟೀಲಿ ಆಯಿಲ್ ಅಂತ ಮಾತ್ರ ಬರೆದ್ರು."

ಸರ್ವೇಯರಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು. ಆರು ಜನರೆದುರು ಅವನು ನೆಲ ನೋಡುತ್ತ ನಿಂತದ್ದು ಇದಕ್ಕೆ. ಅವಳು ಅಪ್ಪನ ಹೆಸರು ಹಿಡಿದು ಅವನನ್ನು ಸುಳ್ಳನೆಂದಾಗ, ಅವನು ಬಾಯಿ ಮುಚ್ಚಿಕೊಂಡು ಅದೇ ಅಪ್ಪನ ಮಾನ ಕಾದಿದ್ದ.

"ಲಾಕಪ್ಪಿಗೆ ಹಾಕಿದ ಮೇಲೂ ಹೇಳ್ಲಿಲ್ವಾ?" ಎಂದಳು.

"ಯಾರಿಗೆ ಹೇಳ್ಬೇಕಿತ್ತು ಮೇಡಂ? ನಿಮಗಾ?"

"ಹೌದು. ನನಗೆ."

"ನಿಮ್ಮ ಕಡೆಯೋರೇ ಅಲ್ವಾ ಗಾಡಿ ಅಡಿಗೆ ಹೋಗಿದ್ದು? ಅಪಘಾತದ ಹಿಂದಿನ ದಿನ ನಿಮ್ಮ ಆಫೀಸಿಂದ ಒಬ್ರು ಬಂದಿದ್ರಂತಲ್ಲ. ವಿಮೆ ನವೀಕರಣ, ಗಾಡಿ ಕೆಳಗಿಂದ ನೋಡ್ಬೇಕು ಅಂತ. ನಮ್ಮೆಜಮಾನ್ರನ್ನ ಒಂದು ಗಂಟೆ ಹೊರಗೆ ಕಳಿಸಿದ್ರಂತೆ."

"ನಮ್ಮ ಆಫೀಸಲ್ಲಿ ಗಾಡಿ ನೋಡೋಳು ನಾನೊಬ್ಬಳೇ. ನಾನು ಹೋಗಿಲ್ಲ."

"ನೀವಲ್ಲ, ಒಬ್ಬ ಗಂಡಸು. ಅವರು ತೋರಿಸಿದ ಕಾಗದದಲ್ಲಿ ಸಹಿ ಮಾತ್ರ ನಿಮ್ಮದು. ನೀವು ನಮ್ಮೆಜಮಾನ್ರ ಎದುರೇ ವರದಿಗೆ ಸಹಿ ಹಾಕಿದ್ರಲ್ಲ, ಆವಾಗ ನೋಡಿ ಗುರುತು ಹಿಡಿದ್ರು. ಅದಕ್ಕೇ ನಿಮ್ಮ ಹತ್ರ ಬಾಯಿ ಬಿಡ್ಲಿಲ್ಲ. ನಾನು ನಿನ್ನೆ ಬಂದಿದ್ದೂ ಅವರಿಗೆ ಗೊತ್ತಿಲ್ಲ."

ಅಪ್ಪ ಮಗಳನ್ನೇ ನೋಡುತ್ತಿದ್ದರು. "ಸಹಿ ನಿಂದೇನಾ?"

ನನ್ನದಲ್ಲ, ಯಾರೋ ನಕಲಿ ಮಾಡಿದ್ದಾರೆ ಎನ್ನಬಹುದಿತ್ತು. ಅಪ್ಪ ಆಗಷ್ಟೇ ಬೀರು ತೆಗೆಸಿ ಎಲ್ಲವನ್ನೂ ತೋರಿಸಿದ್ದರು.

"ನಂದೇ ಇರ್ಬೇಕು ಅಪ್ಪ," ಎಂದಳು. "ತಿಂಗಳ ಮೊದಲ ದಿನ ಇಪ್ಪತ್ತು ಖಾಲಿ ತಪಾಸಣೆ ನಮೂನೆಗೆ ಸಹಿ ಹಾಕಿ ಇಟ್ಟುಬಿಡ್ತೀನಿ. ಬಂದ ಮೇಲೆ ತುಂಬಿಸ್ಕೊಂಡ್ರಾಯ್ತು, ಬೇಗ ಆಗುತ್ತೆ ಅಂತ."

"ಗಾಡಿ ನೋಡೋಕೆ ಮೊದಲೇ?"

"ಹೂಂ."

ಅಪ್ಪ ಎದ್ದು ಹೋಗಿ ಬೀರುವಿನ ಬಾಗಿಲು ಮುಚ್ಚಿದರು. ಅವರು ಒಂದು ಮಾತು ಬೈದಿದ್ದರೂ ಅವಳಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಡ್ರೈವರನ ಹೆಂಡತಿ ಬೆಂಚಿನ ಮೇಲಿದ್ದ ಅರ್ಧ ಬರೆದ ಹಾಳೆ ನೋಡಿದಳು. "ಇದಕ್ಕೂ ನೀವೇ ಸಹಿ ಹಾಕ್ಬೇಕಲ್ವಾ ಮೇಡಂ? ಮೂರು ಗಂಟೆಗೆ ಇದನ್ನ ಯಾರು ನಂಬ್ತಾರೆ?"

ಸರ್ವೇಯರ್ ಚೀಲದಲ್ಲಿ ಬೀಗದ ಕೈ ತಡಕಿದಳು. ಫಿಲ್ಟರ್ ಸಡಿಲಿಸಿದವನು ತೋರಿಸಿದ ಆ ನಮೂನೆ ಅವಳ ಡ್ರಾಯರಿನದು, ಅದಕ್ಕೆ ಎರಡೇ ಬೀಗದ ಕೈ. ಒಂದು ಅವಳ ಹತ್ತಿರ, ಇನ್ನೊಂದು ಬ್ರಾಂಚ್ ಮ್ಯಾನೇಜರರ ಹತ್ತಿರ. ಅಪಘಾತವಾದ ಬೆಳಿಗ್ಗೆ ಮ್ಯಾನೇಜರ್ ತಾವಾಗಿ ಬಂದು ಫೈಲನ್ನು ಅವಳ ಮೇಜಿನ ಮೇಲಿಟ್ಟು, "ನಿಮ್ಮ ತಂದೆಯ ಗ್ಯಾರೇಜಿನ ಗಾಡಿ ಅಂತ ತಲೆ ಕೆಡಿಸ್ಕೋಬೇಡಿ, ನೀವೇ ನೋಡಿ," ಎಂದಿದ್ದರು. ದೊಡ್ಡ ಪ್ರಕರಣ ಸಿಕ್ಕ ಸಂತೋಷದಲ್ಲಿ ಅವಳು ಆ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಕಾರು ಯಾವ ಗ್ಯಾರೇಜಿಗೆ ಹೋಗಿತ್ತೆಂದು ಹೇಳಬೇಕಾದ ಡ್ರೈವರ್ ಆ ಹೊತ್ತಿನಲ್ಲಿ ಆಸ್ಪತ್ರೆಯ ಮಂಚದ ಮೇಲೆ ಇನ್ನೂ ಕಣ್ಣೇ ತೆರೆದಿರಲಿಲ್ಲ.